ಹದಿನೈದು ಫ್ರೇಮು

ಗೋಣಿಕೊಪ್ಪದಲ್ಲಿ ಬೇಕರಿಯ ಮೇಲೆ ನನ್ನ ಸ್ಟುಡಿಯೋ,
ಮರದ ಮೆಟ್ಟಿಲು ಹನ್ನೊಂದು, ಆರನೆಯದು ಸಡಿಲ.
ಲಲಿತೆ ತಂದಿಟ್ಟ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು,
ಒಂದೆರಡಲ್ಲ, ಹದಿಮೂರು ಮಳೆಗಾಲದ್ದು.
‘ಡೀವೀಡಿ ಮಾಡಿಕೊಡಿ ಹಂಝಣ್ಣ.’
ಯಾರ ಮದುವೆ?
‘ತೋಟದ ಧಣಿಗಳದ್ದು. ಹಳೇ ಟೀವಿ ಜೊತೆ ಹೊರಗೆ ಹಾಕಿದ್ದರು.
ನಮ್ಮಪ್ಪ ಇದರಲ್ಲಿ ಪರೆ ಹೊಡೆದಿದ್ದಾರೆ.’

ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಬೆರಳಲ್ಲಿ ಚಕ್ರ ತಿರುಗಿಸಿ,
ರಾತ್ರಿಯಿಡೀ ಕಂಪ್ಯೂಟರಿಗೆ ಉಣಿಸಿದೆ.
ಬೆಳಿಗ್ಗೆ ನೋಡಿದರೆ ಶುರುವಿನಲ್ಲಿ ಹೆಚ್ಚುಕಮ್ಮಿ ಸರಿ,
ಅರ್ಧ ಗಂಟೆಗೆ ಮದುಮಗಳು
ಬಾಯಿ ಮುಚ್ಚಿಕೊಂಡ ಮೇಲೆ ನಗುತ್ತಾಳೆ,
ಊಟದ ಹೊತ್ತಿಗೆ
ಲೋಟ ಬಿದ್ದು, ಉರುಳಿ, ಯಾರೋ ಎತ್ತಿಟ್ಟು
ಆಮೇಲೆ
ಠಣ್.

ಈ ಕಾಯಿಲೆಗೆ ನನ್ನಲ್ಲಿ ಮದ್ದಿದೆ.
ಚಿತ್ರದಿಂದ ದನಿಯನ್ನು ಕಿತ್ತಳೆ ಸಿಪ್ಪೆಯಂತೆ ಬಿಡಿಸಬೇಕು,
ನಲವತ್ತನಾಲ್ಕು ಸಾವಿರದ ನೂರಿದ್ದದ್ದನ್ನು
ನಲವತ್ತೆಂಟು ಸಾವಿರಕ್ಕೆ ಏರಿಸಬೇಕು,
ಡೀವೀಡಿಗೆ ಬೇರೆ ಲೆಕ್ಕ ಒಗ್ಗುವುದಿಲ್ಲ.
ಆಮೇಲೆ ಒಂದು ಗುರುತು ಹುಡುಕಬೇಕು,
ಕಣ್ಣಿಗೂ ಕಿವಿಗೂ ಒಟ್ಟಿಗೇ ತಾಗುವಂಥದ್ದು:
ಚಪ್ಪಾಳೆ, ದಡಾರನೆ ಮುಚ್ಚಿದ ಬಾಗಿಲು.
ಕೊಡಗಿನ ಮದುವೆಯಲ್ಲಿ ಅದಕ್ಕೇನು ಬರ?
ಕೋವಿ ಇದೆಯಲ್ಲ.

ಗದ್ದೆಯಾಚೆ ಕುಪ್ಯ ತೊಟ್ಟವನೊಬ್ಬ ಕೋವಿ ಎತ್ತಿದ.
ಹೊಗೆ ಎದ್ದ ಫ್ರೇಮಿಗೇ ‘ಢಂ’ ತಂದು ಕೂರಿಸಿದೆ.
ಆದರೆ ಮನೆಯ ಮುಂದೆ ಬಾಳೆಕಂಬ ಕಡಿಯುವಲ್ಲಿ
ಕತ್ತಿ ಬೀಳುವ ಮೊದಲೇ ಬಾಳೆ ಕಡಿದ ಸದ್ದು!
ಆಗಲೇ ತಡವಾಗಿ ಬರುತ್ತಿದ್ದ ದನಿ
ಈಗ ಮೊದಲೇ ಬಂದು ಕೂತಿದೆ,
ಕರೆಯದ ನೆಂಟನ ಹಾಗೆ.
ಕತ್ತಿಗೆ ಸರಿ ಮಾಡಿದರೆ ಕೋವಿ ತಪ್ಪುತ್ತದೆ,
ಕೋವಿಗೆ ಸರಿ ಮಾಡಿದರೆ ಕತ್ತಿ.
ಮೂರು ದಿನ. ಬೇಕರಿಯಿಂದ ಹದಿನಾಲ್ಕು ಚಾ.

ಸಂತೆ ಮುಗಿಸಿ ಬಂದ ಲಲಿತೆ
ಕಳಲೆಯ ಚೀಲ ನನ್ನ ಪ್ರಿಂಟರಿನ ಮೇಲಿಟ್ಟು ನೋಡಿದಳು.
‘ನಿಲ್ಲಿಸಿ. ಕೋವಿ ಎಲ್ಲಿದೆ?’
ಗದ್ದೆಯಾಚೆ.
‘ಕ್ಯಾಮೆರಾ?’
ಮನೆ ಮೆಟ್ಟಿಲ ಮೇಲೆ.
‘ಅಷ್ಟು ದೂರದ ಕೋವಿ ಹೊಗೆ ಕಂಡ ಕೂಡಲೇ ಕೇಳ್ತದಾ?
ನೀವು ಗದ್ದೆಯನ್ನೇ ನುಂಗಿಬಿಟ್ಟಿರಲ್ಲ ಹಂಝಣ್ಣ!’

ಇಪ್ಪತ್ತು ವರ್ಷದಿಂದ ಇದೇ ಕೆಲಸ ನನಗೆ.
ಇನ್ನೂರು ಮೀಟರ್ ಗದ್ದೆ,
ದನಿ ದಾಟಿ ಬರಲು ಅರ್ಧ ಸೆಕೆಂಡಿಗೂ ಮೇಲೆ,
ಸೆಕೆಂಡಿಗೆ ಇಪ್ಪತ್ತೈದರ ಲೆಕ್ಕದಲ್ಲಿ ಹದಿನೈದು ಫ್ರೇಮು.
ನಾಚಿಕೆಯಿಂದ ಗದ್ದೆಯನ್ನು ವಾಪಸ್ಸಿಟ್ಟೆ.
ಕತ್ತಿ ತಾನಾಗಿ ಬಾಳೆಗೆ ಬಿತ್ತು.

ಮುಂದಿನದು ಬೂಷ್ಟಿನ ಕೆಲಸ.
ಬೂಷ್ಟು ತಿಂದಲ್ಲೆಲ್ಲ ಚಿತ್ರ ಎಗರಿದೆ, ದನಿ ಎಗರಿಲ್ಲ,
ಅಲ್ಲಿಂದಾಚೆ ಕೋವಿಯಿಲ್ಲ, ಕತ್ತಿಯಿಲ್ಲ, ಬರೀ ವಾಲಗ.
ಪರದೆಯ ಎಡ ಅಂಚಿನಲ್ಲಿ
ಒಂದು ಮೊಣಕೈ, ಒಂದು ಕೋಲು, ಅರ್ಧ ಪರೆ:
ಅಷ್ಟೇ ಅವಳಪ್ಪ.
ಕ್ಯಾಮೆರಾದವನಿಗೆ ಅಷ್ಟು ಸಾಕಿತ್ತು.
ಅವಳಿಗೂ ಸಾಕಾಯಿತು.
ನನ್ನ ಮೇಜನ್ನು ಗೆಣ್ಣಿನಿಂದ ಬಡಿಯುತ್ತ
‘ಹಿಂದೆ’ ಅಂದಳು. ‘ಇನ್ನೂ ಹಿಂದೆ. ಹಾಂ, ಈಗ ಮುಂದೆ ಹೋಯ್ತು.’
ಒಂದು ಫ್ರೇಮಿಗೆ ನಲವತ್ತು ಮಿಲಿಸೆಕೆಂಡು ಎಂದೆ.
ಅವಳಿಗೆ ಅದರ ಹೆಸರು ಬೇಕಿರಲಿಲ್ಲ.
ಏಳು ಕಡೆ ಕತ್ತರಿಸಿದೆ, ಏಳು ಕಡೆ ಸರಿಸಿದೆ,
ಕೋಲು ಇಳಿದಲ್ಲಿ ಸದ್ದು ಎದ್ದಿತು.

ಐವತ್ತೆರಡನೆಯ ನಿಮಿಷದಲ್ಲಿ
ಅವನು ಒಂದೇ ಒಂದು ಸಲ ಇತ್ತ ತಿರುಗುತ್ತಾನೆ,
ಪೂರ್ತಿ ಮುಖ, ಏನೋ ಹೇಳುತ್ತಾನೆ.
ವಾಲಗ ತಗ್ಗಿಸಿದೆ, ಗದ್ದಲ ಸೋಸಿದೆ, ಸಿಗಲಿಲ್ಲ.
‘ಸಿಗೋಕೇನಿದೆ?’ ನಕ್ಕಳು. ‘ಇನ್ನೊಂದು ಸಲ ಹಾಕಿ.’
ಹಾಕಿದೆ.
ಅವನ ತುಟಿ ತೆರೆದಾಗ ಅವಳೇ ಅಂದಳು:
‘ಸರಿಯೋ ಮಾರಾಯ, ಕೈ ಆಡಿಸೋಕೆ ಜಾಗ ಬಿಡು.’
ಆ ಒಂದು ಸಾಲನ್ನು ನಾನು ಅಳೆಯಲು ಹೋಗಲಿಲ್ಲ.

ಎಷ್ಟು ಕಾಪಿ ಎಂದೆ.
‘ಎರಡು. ಒಂದು ನಂಗೆ,
ಒಂದು ಆ ಮನೆಗೆ.
ಮದುವೆ ಅವರದ್ದೇ ಅಲ್ವಾ.’