ದೋಣಿಯ ಹಿಂಬದಿಯ ದಿಂಬು

ಡಿಸೆಂಬರಿನಲ್ಲಿ ನಮ್ಮ ಫಾರೋ ದ್ವೀಪಕ್ಕೆ
ಐದೇ ತಾಸು ಬೆಳಕು.
ಉಳಿದದ್ದು ಗಾಳಿಯ ಪಾಲು.
ಕಾರ್ಖಾನೆಯಲ್ಲಿ ರಾತ್ರಿಯಿಡೀ ಕಾಡ್ ಮೀನು ಸೀಳಿ
ಬೆರಳ ಸಂದಿನ ಹುರುಪೆ ತೊಳೆದು
ನಾಲ್ಕರ ಜಾವಕ್ಕೆ ಮನೆ ಸೇರಿ
ಒಲೆಯ ಪಕ್ಕ ಕೂರುತ್ತೇನೆ,
ಮಡಿಲಲ್ಲಿ ಅಪ್ಪನ ಕಾಲದ ಪುಸ್ತಕ.

ಒಡ್‌ವೋರ್ ಅಜ್ಜಿ ಹೇಳಿಕೊಟ್ಟದ್ದು ಇಷ್ಟು:
"ಓದಬೇಡ, ಮೇಯು.
ಕುರಿ ಗುಡ್ಡವನ್ನೇ ನುಂಗುತ್ತದೆಯೇ?
ಒಂದು ಎಸಳು ಕಚ್ಚು,
ಗಾಳಿಗೆ ಬೆನ್ನು ಕೊಟ್ಟು ಮಲಗು,
ಮೆಲುಕು ಹಾಕು.
ಉಣ್ಣೆ ಯಾವಾಗ ಬೆಳೆಯಿತೆಂದು
ಕುರಿಗೂ ಗೊತ್ತಾಗುವುದಿಲ್ಲ."
ಹೇಳಿ, ಮೂಗೊರೆಸಿಕೊಂಡು,
ತಪ್ಪಿದ ಹೆಣಿಗೆ ಬಿಚ್ಚತೊಡಗಿದಳು.

ನನ್ನ ಹಲ್ಲಿಗೆ ಸಿಕ್ಕ ಎಸಳು, ದಿಂಬು.
ಬಿರುಗಾಳಿ, ದೋಣಿಗೆ ನುಗ್ಗುವ ನೀರು,
ಹೌಹಾರಿದ ಶಿಷ್ಯರ ಕೂಗು,
ಇದೆಲ್ಲ ಇಲ್ಲಿಯ ಕೂಸಿಗೂ ಗೊತ್ತಿದ್ದದ್ದೇ.
ಆದರೆ ಅವನು ಹಿಂಬದಿಯಲ್ಲಿ
ತಲೆಗೆ ದಿಂಬಿಟ್ಟು ಮಲಗಿದ್ದನಂತೆ.
ಬಲೆ, ಹಗ್ಗ, ಮೀನಿನ ರಕ್ತದ ಆ ದೋಣಿಗೆ
ದಿಂಬು ತಂದವರು ಯಾರು?

ಮೊದಲ ವಾರ ಹೀಗೇ, ಪೊಲೀಸರಂತೆ ವಿಚಾರಣೆ.
ಒಳಗೆ ಹುಲ್ಲೋ, ತುಪ್ಪುಳವೋ?
ಗವಸಣಿಗೆ ಉಪ್ಪು ಮೆತ್ತಿತ್ತೋ?
ಕಣ್ಣು ಮುಚ್ಚಿದರೆ ದಿಂಬಿನ ಬದಲು
ಕರೆಂಟ್ ಬಿಲ್ಲು ಕಾಣುತ್ತಿತ್ತು.

ಎರಡನೆಯ ವಾರ ಸಿಟ್ಟು ಬಂತು.
ನನ್ನ ತಮ್ಮ ಯಾಲ್ಗ್ರಿಮ್,
ಮಾರ್ಚಿಯ ಹದಿನೇಳು, ನಾಲ್ಕು ಜನರ ದೋಣಿ,
ದಡಕ್ಕೆ ಬಂದದ್ದು ಒಂದು ಹುಟ್ಟು ಮಾತ್ರ.
ಆವತ್ತೂ ಮಲಗಿದ್ದೆಯಾ?
ಅಷ್ಟು ಮೆತ್ತಗಿತ್ತಾ?
ಪುಸ್ತಕವನ್ನು ಆಲೂಗಡ್ಡೆ ಚೀಲದ ಮೇಲೆ ಎಸೆದು
ಮೂರು ದಿನ ಟೀವಿ ನೋಡಿದೆ,
ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದೆ.
ಅಜ್ಜಿಗೆ ಹೇಳಿದರೆ ಬೈಯಲಿಲ್ಲ.
"ಮುಳ್ಳೂ ಮೇವೇ," ಅಂದಳು. "ಅಗಿ."

ಅಗಿದೆ.
ಮೇಜಿನ ಮುಂದೆ ನಿಂತು, ಕತ್ತಿ ಮುಂದೆ ಹೋಗುವಾಗ ಉಸಿರು ಬಿಟ್ಟು,
ಹಿಂದೆ ಬರುವಾಗ ಉಸಿರು ಎಳೆದು,
ದಿಂಬು, ದಿಂಬು.
ಪಕ್ಕದ ಮೇಜಿನ ಫಿಲಿಪೀನ್ಸಿನ ರೋಡೋರಾ
ಕಿವಿಮುಚ್ಚಿಗೆ ಎತ್ತಿ ಕೇಳಿದಳು:
"ಏನದು ಗೊಣಗಾಟ?"
"ದಿಂಬು."
"ಪಾಪ, ನಿನಗೆ ನಿದ್ದೆ ಸಾಲದು."

ಅದು ತಾನಾಗಿ ಬಂದದ್ದು ಒಂದು ಗುರುವಾರ,
ನಾನು ಸಿಂಕಿನಲ್ಲಿ ಬೂಟು ತೊಳೆಯುತ್ತಿದ್ದಾಗ.
ಅಮ್ಮ ಪಫಿನ್ ಹಕ್ಕಿಯ ಗರಿ ಆರಿಸುತ್ತಿದ್ದಳು,
ಮೂರು ಬೇಸಿಗೆ, ಮುಷ್ಟಿ ಮುಷ್ಟಿಯಾಗಿ.
ತಮ್ಮ ಬೇಡವೆಂದರೂ
ಆ ದಿಂಬನ್ನು ದೋಣಿಗೆ ತುರುಕುತ್ತಿದ್ದಳು.
"ಗಂಡಸರು ನಗುತ್ತಾರಮ್ಮ!"
"ನಗಲಿ. ಕುತ್ತಿಗೆ ನಿನ್ನದು."

ನಲ್ಲಿ ಹರಿಯುತ್ತಲೇ ಇತ್ತು.
ಹಾಗಾದರೆ ಗಲಿಲಾಯದಲ್ಲೂ ಯಾವಳೋ ಒಬ್ಬಳು,
ಬೆಸ್ತರ ತಾಯಿಯೋ ಅಕ್ಕನೋ,
ಹೆಸರು ಬರೆಯದೆ ಬಿಟ್ಟವಳು,
ಉಣ್ಣೆ ತುಂಬಿ ಹೊಲಿದು ಕೊಟ್ಟಿರಬೇಕು.
ಇಡೀ ದಿನ ಜನರ ನಡುವೆ ನಿಂತು ದಣಿದವನು
ಅವಳ ಹೊಲಿಗೆಯ ಮೇಲೆ ಕೆನ್ನೆಯಿಟ್ಟ.
ಮಲಗಿದ್ದು ದಡದಲ್ಲಲ್ಲ.
ನೀರು ತುಂಬುತ್ತಿದ್ದ ಅದೇ ದೋಣಿಯಲ್ಲಿ,
ಅದೇ ಚಳಿಯಲ್ಲಿ, ಒದ್ದೆಯಾಗುತ್ತಾ.

ಇದು ಉತ್ತರವೇ? ಗೊತ್ತಿಲ್ಲ.
ತಮ್ಮ ಬರಲಿಲ್ಲ, ದಿಂಬೂ ಬರಲಿಲ್ಲ.
ಆದರೆ ಆ ರಾತ್ರಿ ಅವನನ್ನು ನೆನೆಯುವಾಗ
ಮೊದಲ ಸಲ
ಅವನ ತಲೆಯ ಕೆಳಗೆ ಏನೋ ಇತ್ತು.

ಅಜ್ಜಿ ಮೊನ್ನೆ ಕೇಳಿದಳು:
"ಆರು ವಾರವಾಯಿತು, ಎಲ್ಲಿಗೆ ಬಂದೆ?"
ಮುಂದಿನ ಸಾಲಿನಲ್ಲಿ ಅವರು ಅವನನ್ನು ಎಬ್ಬಿಸುತ್ತಾರೆ,
ಅದರ ಮುಂದಿನದರಲ್ಲಿ ಕಡಲು ತಣ್ಣಗಾಗುತ್ತದೆ.
ನಾನಿನ್ನೂ ಅಲ್ಲಿಗೆ ಹೋಗಿಲ್ಲ.
ಒಲೆಯ ಪಕ್ಕ ಪುಟ ತೆರೆದು
ಬೆರಳನ್ನು ಆ ಪದದ ಮೇಲಿಟ್ಟು
ಮೆಲ್ಲಗೆ ಉಸಿರಾಡುತ್ತೇನೆ,
ಮಲಗಿದವನಿಗೆ ಎಚ್ಚರವಾಗದ ಹಾಗೆ.