ಮಸಿ

ಚಿಂತಾಮಣಿಯ ರೇಷ್ಮೆ ಕಾಲೇಜಿನಿಂದ ರಜಕ್ಕೆಂದು
ನನ್ನ ಜೊತೆ ಶಿಡ್ಲಘಟ್ಟಕ್ಕೆ ಬಂದಳು ಅಕನೀಸಿ.
ಬ್ಯಾಗು ಇಳಿಸುವ ಮೊದಲೇ ಬೀದಿಯ ಹುಡುಗರು
ಹೆಸರನ್ನು ಎರಡು ತುಂಡು ಮಾಡಿ
ನೀಸಿಯಕ್ಕಾ ಅಂದುಬಿಟ್ಟರು.

ಫಿಜಿ ಎಷ್ಟು ದೂರ ಅಂದಳು ಬೈರಮ್ಮತ್ತೆ.
ಈ ಹೊತ್ತಿಗೆ ಅಲ್ಲಿ ಆಗಲೇ ನಾಳೆ, ಅಂದೆ.
ಹಂಗಾದ್ರೆ ನಾಳೆ ಗೂಡಿನ ರೇಟು ಕೇಳೇ, ಅಂದಳು.

ಹುಳು ನಾಲ್ಕನೇ ಜ್ವರ ಎದ್ದಿದ್ದ ವಾರ.
ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು,
ತಗಡಿನ ಮೇಲೆ ತುಂತುರು ಬಿದ್ದ ಹಾಗೆ.
ಬೆಳಗ್ಗೆ ಬೋಳು ಕಡ್ಡಿಗಳನ್ನು ತಿಪ್ಪೆಗೆ ಹೊರುವಾಗ
ಅವಳು ಒಂದನ್ನು ಕಿತ್ತುಕೊಂಡು, ಉಗುರಿನಿಂದ ಸೀಳಿ,
ತೊಗಟೆಯನ್ನು ಬುಡದಿಂದ ತುದಿಯವರೆಗೆ ಎಳೆದು
ಮೂಸಿದಳು.
"ಮಸಿ" ಅಂದಳು.

ಅತ್ತೆ ಒಳಗೆ ಹೋಗಿ ಬಾಣಲೆಯ ತಳ ಕೆರೆದು
ಅಂಗೈ ತುಂಬ ಮಸಿ ತಂದಳು.

ಅದಲ್ಲ ಅತ್ತೆ, ಅವರಲ್ಲಿ ಮಸಿ ಅಂದರೆ ಬಟ್ಟೆ.
ನಮ್ಮ ಹಿಪ್ಪುನೇರಳೆಯ ದಾಯಾದಿ ಗಿಡವೊಂದರ ನಾರನ್ನು
ನೆನೆಸಿ, ಬಡಿದು ಬಡಿದು ಅಗಲ ಮಾಡಿದ್ದು.
ಮಗ್ಗ ಇಲ್ಲ, ನೂಲಿಲ್ಲ, ಹುಳುವನ್ನು ಬೇಯಿಸುವುದಿಲ್ಲ.
ಮದುವೆಗೆ ಹಾಸುತ್ತಾರೆ, ಸತ್ತವರಿಗೆ ಹೊದಿಸುತ್ತಾರೆ.
"ಚೆಲ್ಲಬೇಡಿ, ಚೆಲ್ಲಬೇಡಿ," ಅಂದಳು ಅಕನೀಸಿ ಅತ್ತೆಯ ಕೈ ಹಿಡಿದು,
"ಅದರ ಮೇಲೆ ಬರೆಯೋಕೆ ಇದೇ ಬೇಕು."

ಆಮೇಲೆ ಮೆಲ್ಲಗೆ ಒಪ್ಪಿಕೊಂಡಳು:
ಅವಳಿಗೂ ಪೂರ್ತಿ ಬರದು. ಓದಿಗೆಂದು ಊರು ಬಿಟ್ಟವಳು.
ಬಡಿಯುವ ಸದ್ದಿಗೆ ಎದ್ದದ್ದುಂಟು, ಕಲಿಯಲು ಎದ್ದದ್ದಿಲ್ಲ.
ಫೋನು ಹಚ್ಚಿ "ಬುಬು" ಎಂದು ಅಜ್ಜಿಯನ್ನು ಕರೆದಳು.
ಪಕ್ಕದ ಮನೆಯ ಜಗಲಿಯಿಂದ ನಯಾಜನ ಅಜ್ಜಿ
ನಮ್ಮ ಬೂಬಮ್ಮ
"ಏನಮ್ಮಾ?" ಎಂದು ಎದ್ದು ಬಂದಳು.

ಮುನಾಚಾರಿ ಜಾಲಿಮರದಲ್ಲಿ ನಾಲ್ಕು ಮೂಲೆಯ ಕೊಡತಿ ಕೆತ್ತಿದ.
ನಯಾಜ, ನಾನು, ಹೈಸ್ಕೂಲಿನ ಗಂಗುಲು, ಅವನ ತಂಗಿ.
ಮೊದಲ ಪಟ್ಟಿ ಹರಿಯಿತು. ಎರಡನೆಯದೂ.
"ಒಗೆಯೋ ಹಾಗಲ್ಲ, ಮಗುವಿನ ಬೆನ್ನು ತಟ್ಟೋ ಹಾಗೆ"
ಎಂಬ ಆ ಅಜ್ಜಿಯ ಮಾತು ಅವಳಿಂದ ಇಂಗ್ಲಿಷಿಗೆ,
ನನ್ನಿಂದ ಕನ್ನಡಕ್ಕೆ, ಅತ್ತೆಯಿಂದ ತೆಲುಗಿಗೆ,
ನಯಾಜನಿಂದ ಉರ್ದುವಿಗೆ ದಾಟುವಷ್ಟರಲ್ಲಿ
ಮೂರನೆಯದೂ.
ಇದು ನಮ್ಮ ಗಿಡ ಅಲ್ಲ, ಅಂತ ನಕ್ಕಿತಂತೆ ಮುದುಕಿ,
ನೆಂಟರ ಮಗು, ಸ್ವಲ್ಪ ಹಠ.

ಒಂಬತ್ತನೆಯ ದಿನ ಹರಿಯಲಿಲ್ಲ.
ಎರಡು ಬೆರಳಿನಷ್ಟಿದ್ದದ್ದು ಒಂದು ಗೇಣಾಯಿತು.

ಚಿತ್ತಾರದ ಅಚ್ಚು ಕತ್ತರಿಸಲು
ಅವರೂರಲ್ಲಿ ಹಳೆಯ ಎಕ್ಸ್‌ರೇ ಹಾಳೆ ಬಳಸುತ್ತಾರಂತೆ.
ನಯಾಜ ಅವನಪ್ಪನ ಎದೆ ತಂದ.
ಮೂವತ್ತು ವರ್ಷ ಬಿಚ್ಚಾಣಿಕೆಯ ಹಬೆ ಕುಡಿದ ಎದೆ.
"ಪಕ್ಕೆಲುಬು ಬಿಟ್ಟು ಕತ್ತರಿಸ್ರೋ" ಅಂದರು ಅವರು, ಕೆಮ್ಮುತ್ತ.

ಏನನ್ನು ಕತ್ತರಿಸುವುದು?
ನಿಮ್ಮದೇ ಕೊಡು, ಆ ಮೀನೋ ಅಲೆಯೋ, ಅಂದೆ.
ಅಕನೀಸಿ ತಲೆ ಅಲ್ಲಾಡಿಸಿದಳು.
ಅದು ನಮ್ಮ ಮನೆತನದ್ದು, ಕೇಳದೆ ನಾನೂ ಕೊಡುವಂತಿಲ್ಲ.
ನಿಮ್ಮದು ಯಾವುದು?

ನಮ್ಮದು.
ಗಂಗುಲು ಫೋನಿನಲ್ಲಿ ಹುಡುಕತೊಡಗಿದ.

ಆಗ ಅತ್ತೆ ಕಾಫಿ ಕೊಡಲು ಬಗ್ಗಿದಳು.
ಅಕನೀಸಿ ಲೋಟ ಬಿಟ್ಟು ಮುಂಗೈ ಹಿಡಿದಳು:
ಹಸಿರು ಹಚ್ಚೆ, ಬಳ್ಳಿಯೋ ತೊಟ್ಟಿಲೋ ಚೇಳೋ.
ನಮ್ಮ ಹೆಂಗಸರಿಗೂ ಇತ್ತು, ಅಂದಳು,
ಪಾದ್ರಿಗಳು ಬಂದ ಮೇಲೆ ನಿಂತುಹೋಯಿತು,
ಈಗ ನನ್ನ ವಯಸ್ಸಿನವರು ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿ ಹುಡುಕುತ್ತಾರೆ.
ಇದರ ಹೆಸರೇನು?
ಕೊರವಂಜಿ ಹೇಳಿದ್ದಳು ಕಣೇ, ಚುಚ್ಚುವಾಗ
ನಾನು ಅಳ್ತಾ ಇದ್ದೆ, ಕೇಳಿಸಿಕೊಳ್ಳಲಿಲ್ಲ.

ರಾತ್ರಿ ಹುಳುಮನೆಯ ಬಾಗಿಲಲ್ಲಿ ಅತ್ತೆ ನಿದ್ದೆಹೋದಳು.
ಪೆನ್ಸಿಲು ಹಿಡಿದು ಪಕ್ಕದಲ್ಲಿ ಕೂತೆ.
ಗೆರೆಗೆ ಗೆರೆ ಇಳಿಸುತ್ತ ಮಣಿಕಟ್ಟಿನವರೆಗೆ ಬಂದು
ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿದೆ.

ಅಡಿಯಲ್ಲಿ ಇನ್ನೂ ಮೂರು ಚುಕ್ಕಿ ಇದ್ದವು.