ಒಂದು ವರ್ಷದ ಬಾಯಿ

ಐದು ಡಿಗ್ರಿ ನೀರಿನ್ಯಾಗ ಅರ್ಧ ನಿಮಿಷ,
ಐವತ್ತೈದರಾಗ ಅರ್ಧ ನಿಮಿಷ,
ನಡುವ ಒಂದೀಟು ಗಾಳಿ.
ಹತ್ತು ಸಾವಿರ ಸಲ ಹಿಂಗ ಮುಳುಗಿ ಎದ್ದರ
ಒಂದು ವರ್ಷದ ಬಾಯಿ ಅಂತ ಲೆಕ್ಕ.
ಕಲಬುರಗಿಯೊಳಗ ಐದು ಡಿಗ್ರಿ ಯಾರು ಕಂಡಾರ?
ಐವತ್ತೈದಂದ್ರ ನಂಬ್ತೀನಿ,
ಮೇ ತಿಂಗಳ ಮಧ್ಯಾಹ್ನ ಸೇಡಂ ರೋಡಿನ
ಕಬ್ಬಿಣದ ಬೆಂಚಿನ ಮ್ಯಾಲ ಕುಂತಾಕಿ ನಾನು.

ಮೂವತ್ತು ಹಲ್ಲು, ಮೂವತ್ತು ಟೋಪಿ.
ಹತ್ತಕ್ಕ ಜಿರ್ಕೋನಿಯಾ. ಯಂತ್ರ ಅದನ್ನ ದೊಡ್ಡದಾಗೇ ಕೊರೀತದ,
ರಾತ್ರಿ ಪೂರ್ತಿ ಸಾವಿರದೈನೂರು ಡಿಗ್ರಿಯೊಳಗ ಬೆಂದು
ಮುಂಜಾನೆ ಸಣ್ಣಾಗಿ ಹೊರಗ ಬರ್ತದ
ಬೈಸಿಕೊಂಡ ಹುಡುಗನ ಹಂಗ.
ಹತ್ತಕ್ಕ ಗಾಜಿನ ಜಾತಿ. ಸುಡೂದಕ್ಕ ಮೊದಲು ನೇರಳೆ ಬಣ್ಣ;
ಭಟ್ಟಿಯೊಳಗ ಆ ನೇರಳೆ ಎಲ್ಲಿ ಹೋಗ್ತದಂತ
ಡಾಕ್ಟರ್ ಪದ್ಮಾಕ್ಷಿ ಎರಡು ಸಲ ಹೇಳ್ಯಾರ,
ಎರಡು ಸಲ ಮರ್ತೀನಿ.
ಉಳಿದವಕ್ಕ ರಾಳ ಬೆರೆಸಿದ್ದು, ಬೆಂಕಿ ಕಾಣದ್ದು.

ಹಲ್ಲು ಮಾತ್ರ ಜನರವು.
ಓಪಿಡಿಯಿಂದ ಬಾಟ್ಲಿಯೊಳಗ ಬರ್ತಾವ, ಹೆಸರು ಬಿಟ್ಟು.
ಒಂದರ ಬುಡಕ್ಕ ತಂಬಾಕಿನ ಕಂದು.
ಒಂದು ಎಷ್ಟು ರೊಟ್ಟಿ ಅಗದದೋ, ತಲೀನೇ ಚಪ್ಪಟೆ.
ಒಂದು ನಮ್ಮಪ್ಪಂದು.
ಯಾವುದಂತ ನನಗೂ ಗೊತ್ತಿಲ್ಲ.
ಅಲುಗಾಡ್ತಿತ್ತು, ತೆಗೆದ್ರು, ಬಾಟ್ಲಿಗೆ ಹಾಕಿದಾಕಿ ನಾನೇ;
ಬಾಟ್ಲಿ ಅಲುಗಿಸಿದ ಮ್ಯಾಲ
ಹಲ್ಲಿಗೆ ಅಪ್ಪ ಇರಂಗಿಲ್ಲ.

ಸಂಜೀಗೆ ಬಿಸಿ ಚಾ ಕುಡದು, ಅದರ ಮ್ಯಾಲೇ
ಫ್ರಿಜ್ ನೀರು ಗಟಗಟ ಇಳಿಸಿ ಕೇಳ್ತಾನ:
"ನಂದು ಸೋರ್ತೇನು?"
ನಲವತ್ತು ವರ್ಷ ಶಹಾಬಾದ ಫರಸಿ ಹಾಸಿದ ಮಾಣಿಕಪ್ಪ.
ಅವಗ ಜಗತ್ತಂದ್ರ ಎರಡು ಕಲ್ಲು, ನಡುವ ಒಂದು ಸಂದು.

ಮೂಲ್ಯಾಗ ಕಡಿಯೋ ಯಂತ್ರ, ಹನ್ನೆರಡು ಲಕ್ಷ ಸಲ,
ಟಕ್, ಟಕ್, ಜೋಳ ಇಲ್ಲ, ಶೇಂಗಾ ಇಲ್ಲ, ಬರೇ ಕಡಿಯೂದು.
ಕರೆಂಟ್ ಹೋದಾಗ ಬಾಯಿ ತೆರಕೊಂಡೇ ನಿಂತಿತ್ತು
ಹೇಳೂದು ಮರತವರಂಗ.

ಆಮ್ಯಾಲ ನೀಲಿ.
ಒಂದು ಹಗಲು ಒಂದು ರಾತ್ರಿ ಬಣ್ಣದೊಳಗ ನೆನಸಿ
ವಜ್ರದ ಬಿಲ್ಲೆಯಿಂದ ನಟ್ಟನಡುವ ಸೀಳಿ
ಭೂತಗನ್ನಡಿಯೊಳಗ ನೋಡೂದು,
ನೀಲಿ ಎಲ್ಲೀಮಟ ನಡದದ?

ಗಾಜಿನವು ಎರಡು ಸೀಳಿದ್ವು, ಕೂದಲೆಳಿಯಷ್ಟು.
ರಾಳ ಸವದಿತ್ತು, ಹಳೇ ಚಪ್ಪಲಿ ಹಿಮ್ಮಡದಂಗ, ಖರೇ,
ಆದರ ಅಂಚು ಬಿಟ್ಟಿರಲಿಲ್ಲ.
ಜಿರ್ಕೋನಿಯಾ ಒಂದೂ ಜಗ್ಗಲಿಲ್ಲ. ಒಂದು ಗೀರಿಲ್ಲ.
ಅದರ ಹೊಟ್ಟಿಯೊಳಗೇ ನೀಲಿ,
ಮೂರರೊಳಗ,
ಅಂಚಿನಿಂದ ಹೊಕ್ಕು, ಗೋಡಿ ಹಿಡಕೊಂಡು
ಹಲ್ಲಿನ ನೆತ್ತೀಮಟ.
ಇನ್ನೊಂದು ಮೂವತ್ತು ಬ್ಯಾರೇ ಹೇಳಬಹುದು ಅಂತಾರ ಡಾಕ್ಟರ್.
ಅವರು ಬರಿಯೂದೆಲ್ಲ ಹಿಂಗೇ,
ಕೊನೀಗೆ ಬಾಗಲ ಅರ್ಧ ತೆರದಿಟ್ಟು.

ಶನಿವಾರ ಅಪ್ಪ ಡಬ್ಬಿ ಕೊಡ್ಲಿಕ್ಕೆ ಬಂದ, ಪುಂಡಿಪಲ್ಯ.
ಯಂತ್ರದ ಕಡಿ ನೋಡಲೇ ಇಲ್ಲ.
ಕುಕ್ಕರಗಾಲಿಲೆ ಕುಂತು
ಲ್ಯಾಬಿನ ಫರಸಿ ಸಂದಿನ ಮ್ಯಾಲ ಉಗುರು ಎಳದ.
"ಯಾವಂವ ಹಾಸಿದ್ದು? ಸಿಮೆಂಟ್ ಉಳಿಸ್ಯಾನ."
ಆಮ್ಯಾಲ ಕೈ ಒರಸಿಕೊಂಡು
ಇರಲಿ ಅಂತ ಹೆಚ್ಚಿಗಿ ಮಾಡಿಟ್ಟ ಮೂವತ್ತೊಂದನೇದು,
ಸೀಳದೇ ಉಳದದ್ದು, ನನ್ನ ಅಂಗೈಯಿಂದ ತಗೊಂಡ.
ಟೋಪಿ ಹಲ್ಲಿಗೆ ಕೂಡೂ ಜಾಗಕ್ಕ ಅದೇ ಉಗುರು.
ಒಂದು ಸುತ್ತು. ಇನ್ನೊಂದು, ನಿಧಾನಕ್ಕ.
ಡಾಕ್ಟರ್ ಸೂಜಿಗೆ ಸಿಗದ್ದು
ಒಂದು ಕಡಿ ಅವನ ಉಗುರಿಗೆ ತಟ್ಟಿತು.
"ಇಲ್ಲಿ," ಅಂದ.
ನನಗ ಏನೂ ಕಾಣಲಿಲ್ಲ.
ತನ್ನ ಬಾಯೊಳಗಿನ ಖಾಲಿ ಜಾಗ
ನಾಲಿಗೀಲೆ ಮುಟ್ಟಿಕೋತ
ಅವ ಮತ್ತೊಂದು ಸಲ ತಿರುಗಿಸಿದ.